ಮನೆಗಳು ಬದಲಾಗಿವೆ, ಪಡಿತರ ಚೀಟಿಯ ಲೆಕ್ಕವೂ ಬದಲಾಗಲಿ: ರಾಜ್ಯ ಸರ್ಕಾರಕ್ಕೆ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಮುಖ್ಯ ಕಾರ್ಯದರ್ಶಿಯವರಿಗೆ, ಹಾಗೂ ಆಹಾರ, ಕಂದಾಯ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಇ-ಆಡಳಿತ ಇಲಾಖೆಗಳ ಅಧಿಕಾರಿಗಳಿಗೆ,

ಪಡಿತರ ಚೀಟಿ, ಆದಾಯ ಪ್ರಮಾಣಪತ್ರ, ವಂಶವೃಕ್ಷ, ಗೃಹಲಕ್ಷ್ಮಿ ಅರ್ಜಿಗಳಿಗೆ ಜನರ ಕಾಗದಪತ್ರ ಹೊಂದಿಸಿಕೊಡುವ ಕೆಲಸ ನಮ್ಮದು. ನಮ್ಮ ಬೇಡಿಕೆ ಒಂದೇ. ಒಂದು ಮನೆಯವರು ಯಾರು, ಆ ಮನೆ ನಡೆಸುವವರು ಯಾರು, ಯಾರನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಮೂರು ಬೇರೆ ಬೇರೆ ಪ್ರಶ್ನೆಗಳಿಗೆ ಪಡಿತರ ಚೀಟಿಯೊಂದರಿಂದಲೇ ಉತ್ತರ ಹುಡುಕುವುದನ್ನು ದಯವಿಟ್ಟು ನಿಲ್ಲಿಸಿ.

ಅಕ್ಕಿ ಹಂಚಲೆಂದು ಬಂದ ಚೀಟಿ ಅದು. ಇವತ್ತು ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಯಾರ ಖಾತೆಗೆ ಬೀಳಬೇಕು ಎಂಬುದನ್ನು ಅದೇ ಹೇಳುತ್ತದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಸಿಗುವ 5 ಲಕ್ಷ ರೂಪಾಯಿಯ ಚಿಕಿತ್ಸೆ ಯಾರ ಯಾರ ನಡುವೆ ಹಂಚಿಕೆಯಾಗಬೇಕು ಎಂಬುದನ್ನೂ ಅದೇ ಹೇಳುತ್ತದೆ. ಸರ್ಕಾರದ 'ಕುಟುಂಬ' ತಂತ್ರಾಂಶದಲ್ಲಿ ಮನೆಯ ಗುರುತಿನ ಸಂಖ್ಯೆಗೂ ಅದೇ ಬುಡ. ಚೀಟಿಯಲ್ಲಿ ಒಂದು ಹೆಸರು ತಪ್ಪಾಗಿ ಉಳಿದರೆ ನಾಲ್ಕಾರು ಕಡೆ ಅದೇ ತಪ್ಪು ಮರುಕಳಿಸುತ್ತದೆ.

ಇತ್ತ ಮನೆಗಳು ಮೊದಲಿನಂತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಂದು ಮನೆಯಲ್ಲಿರುವವರು ಸರಾಸರಿ 4.4 ಜನ, ನೂರರಲ್ಲಿ ಸುಮಾರು 18 ಮನೆಗಳಿಗೆ ಹೆಣ್ಣುಮಕ್ಕಳೇ ಮುಖ್ಯಸ್ಥರು. ನಮ್ಮ ರಾಜ್ಯದ ಒಟ್ಟು ಫಲವತ್ತತೆ ದರ, ಅಂದರೆ ಒಬ್ಬ ಹೆಂಗಸಿಗೆ ಸರಾಸರಿ ಎಷ್ಟು ಮಕ್ಕಳು ಎಂಬ ಲೆಕ್ಕ, 1.7ಕ್ಕೆ ಇಳಿದಿದೆ. ಎಂದರೆ, ವಯಸ್ಸಾದ ತಂದೆತಾಯಿಯನ್ನು ನೋಡಿಕೊಳ್ಳಲು ಮೂರು ನಾಲ್ಕು ಗಂಡುಮಕ್ಕಳಿರುವ ಮನೆ ಅಪರೂಪವಾಗುತ್ತಿದೆ. ಮದುವೆಯಾದ ಮಗಳು ತವರಿನ ಹಿರಿಯರನ್ನು ತನ್ನ ಮನೆಗೇ ಕರೆತಂದಿರುತ್ತಾಳೆ. ಗಂಡ ಬಿಟ್ಟುಹೋದವಳು ಮಕ್ಕಳೊಂದಿಗೆ ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಬೇರೆ ಒಲೆ ಹೂಡಿರುತ್ತಾಳೆ. ವಿಧವೆಯರಾದ ಅಕ್ಕತಂಗಿ ಒಂದೇ ಬಾಡಿಗೆ ಮನೆಯಲ್ಲಿರುತ್ತಾರೆ. ಅಜ್ಜಿಯ ಹತ್ತಿರ ಮೊಮ್ಮಕ್ಕಳಿರುತ್ತಾರೆ, ಅವರ ತಂದೆತಾಯಿ ಬೆಂಗಳೂರಿನ ಕಟ್ಟಡ ಕೆಲಸದಲ್ಲಿರುತ್ತಾರೆ. ಇವೆಲ್ಲ ದಿನನಿತ್ಯ ಕಣ್ಣಿಗೆ ಬೀಳುವ ಮನೆಗಳೇ ಆದರೂ ಅರ್ಜಿ ನಮೂನೆಯಲ್ಲಿ ಇವಕ್ಕೆ ಜಾಗವಿಲ್ಲ.

ಆರು ಜನರ ಒಂದು ಚೀಟಿಯನ್ನೇ ತೆಗೆದುಕೊಳ್ಳಿ. ಅತ್ತೆ, ಮಾವ, ಮಗ, ಸೊಸೆ, ಇಬ್ಬರು ಮಕ್ಕಳು. ಯಜಮಾನಿ ಅತ್ತೆ. ಸೊಸೆ ಮಕ್ಕಳೊಂದಿಗೆ ತವರಿಗೆ ಬರುತ್ತಾಳೆ. ಆದರೆ ಅವಳ ಆಧಾರ್ ಸಂಖ್ಯೆ ಹಳೆಯ ಚೀಟಿಯಲ್ಲೇ ಕೂತಿರುತ್ತದೆ. ಒಂದು ಆಧಾರ್ ಎರಡು ಚೀಟಿಯಲ್ಲಿ ಇರುವಂತಿಲ್ಲವಾದ್ದರಿಂದ ಅಲ್ಲಿ ಹೆಸರು ತೆಗೆಸದೆ ಇಲ್ಲಿ ಸೇರಿಸಲಾಗದು. ಹೆಸರು ತೆಗೆಸಲು ಗಂಡನ ಮನೆಯವರು ಒಪ್ಪಬೇಕು, ಇಲ್ಲವೇ ವಿಚ್ಛೇದನದ ಆದೇಶ ತರಬೇಕು ಎಂದು ಕೌಂಟರಿನಲ್ಲಿ ಹೇಳಿ ಕಳಿಸುತ್ತಾರೆ. ವಿಚ್ಛೇದನಕ್ಕೆ ವರ್ಷಗಳೇ ಹಿಡಿಯಬಹುದು. ಎಷ್ಟೋ ಹೆಂಗಸರು ಆ ದಾವೆ ಹೂಡುವುದೇ ಇಲ್ಲ. ಇಷ್ಟರ ನಡುವೆ ಅವಳ ಮತ್ತು ಮಕ್ಕಳ ಪಾಲಿನ ಅಕ್ಕಿ ಏನಾಗುತ್ತದೆ? ಚೀಟಿಯಲ್ಲಿರುವ ಯಾರೇ ಒಬ್ಬರು ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಿಟ್ಟರೆ ಇಡೀ ಚೀಟಿಯ ಧಾನ್ಯ ಎತ್ತಬಹುದು. ಆರು ಜನರ ಪಾಲು ಮೂರು ಜನರಿರುವ ಮನೆಗೆ ಹೋಗುತ್ತದೆ. ಯಂತ್ರದ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ.

ಕಾನೂನು ಇಂಥ ವಿಚ್ಛೇದನದ ಆದೇಶವನ್ನು ಕೇಳುವುದಿಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಒಂದು ಮನೆಯಲ್ಲಿ ಯಾರ ಯಾರನ್ನು ಎಣಿಸಬೇಕೆಂದು ಸಂಬಂಧಗಳ ಪಟ್ಟಿ ಕೊಟ್ಟಿಲ್ಲ. ಜನಗಣತಿ ಮಾತ್ರ ಬಹಳ ಹಿಂದಿನಿಂದಲೂ ಸರಳವಾದ ಅಳತೆಯೊಂದನ್ನು ಇಟ್ಟುಕೊಂಡಿದೆ: ಸಾಮಾನ್ಯವಾಗಿ ಒಟ್ಟಿಗೆ ವಾಸಿಸುತ್ತ, ಒಂದೇ ಅಡುಗೆಮನೆಯ ಊಟ ಮಾಡುವವರು ಒಂದು ಕುಟುಂಬ. ರಕ್ತಸಂಬಂಧ ಇರಲೇಬೇಕೆಂದಿಲ್ಲ. ಪಡಿತರಕ್ಕೂ ಇದೇ ಅಳತೆ ಸಾಕು. ಅಕ್ಕಿ ಬೇಯುವುದು ಒಲೆಯ ಮೇಲೆ. ಮದುವೆ ಊರ್ಜಿತವಿದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸಲು ಕೌಟುಂಬಿಕ ನ್ಯಾಯಾಲಯವಿದೆ, ಆ ಹೊರೆ ಆಹಾರ ಇಲಾಖೆಗೆ ಬೇಡ.

ಹಾಗಾದರೆ ಏನು ಮಾಡಬಹುದು? ವಯಸ್ಕರಾದ ಯಾರೇ ಆಗಲಿ, ತಮ್ಮ ಬೆರಳಚ್ಚು ಅಥವಾ ಓಟಿಪಿಯಿಂದ ತಮ್ಮ ಹೆಸರನ್ನು ತಾವೇ ಹಳೆಯ ಚೀಟಿಯಿಂದ ತೆಗೆದುಕೊಳ್ಳುವಂತಿರಬೇಕು. ಜೊತೆಗಿರುವ ಅಪ್ರಾಪ್ತ ಮಕ್ಕಳ ಹೆಸರನ್ನೂ ಅದೇ ಅರ್ಜಿಯಲ್ಲಿ ಸೇರಿಸಬೇಕು. ಮಗು ಯಾರ ಹತ್ತಿರವಿದೆ ಎಂಬುದಕ್ಕೆ ಅಂಗನವಾಡಿಯ ದಾಖಲೆ, ಅಥವಾ ಶಾಲೆಯ ಎಸ್‌ಎಟಿಎಸ್ (ವಿದ್ಯಾರ್ಥಿಯ ಗುರುತಿನ) ಸಂಖ್ಯೆಯೊಂದಿಗೆ ಮುಖ್ಯೋಪಾಧ್ಯಾಯರು ಕೊಡುವ ಹಾಜರಿ ಪತ್ರ ಸಾಲದೇ? ಅರ್ಜಿ ಬಂದ ಕೂಡಲೇ ಹಳೆಯ ಚೀಟಿಯವರಿಗೆ ಸಂದೇಶ ಹೋಗಲಿ. 15 ದಿನದೊಳಗೆ ತಕರಾರು ಬಂದರೆ ಆಹಾರ ನಿರೀಕ್ಷಕರು ಎರಡೂ ಮನೆಗೆ ಹೋಗಿ ಒಲೆ ನೋಡಿ ಬರಲಿ. ಬರದಿದ್ದರೆ 30ನೇ ದಿನಕ್ಕೆ ತಾತ್ಕಾಲಿಕ ಚೀಟಿ ಕೈಗೆ ಬರಲಿ, 12 ತಿಂಗಳ ನಂತರ ಮರುಪರಿಶೀಲನೆಯಾಗಲಿ. ತಿದ್ದುಪಡಿಗೆಂದು ಆಗೊಮ್ಮೆ ಈಗೊಮ್ಮೆ ನಾಲ್ಕು ದಿನ ಕಿಂಡಿ ತೆರೆಯುವುದು, ಅಷ್ಟರಲ್ಲಿ ಸರ್ವರ್ ಕೈಕೊಡುವುದು, ಇದು ಮಾತ್ರ ನಿಲ್ಲಬೇಕು. ಮನೆಗಳು ಒಡೆಯುವುದೂ ಕೂಡುವುದೂ ವರ್ಷವಿಡೀ ನಡೆಯುತ್ತಿರುತ್ತದೆ.

ಚೀಟಿ ಒಡೆದರೆ ಸೌಲಭ್ಯ ಎರಡೆರಡು ಸಲ ಹೋಗುತ್ತದೆ ಎಂಬ ಅಂಜಿಕೆ ಇಲಾಖೆಗಿದೆ. ಅದನ್ನು ನಾವು ತಳ್ಳಿಹಾಕುವುದಿಲ್ಲ, ಬಿಡಿಸಿ ನೋಡೋಣ ಎನ್ನುತ್ತೇವೆ. ಆದ್ಯತಾ (ಬಿಪಿಎಲ್) ಚೀಟಿಯಲ್ಲಿ ಕೇಂದ್ರದ ಧಾನ್ಯ ತಲೆಗೆ 5 ಕೆ.ಜಿ. ಆರು ಜನರ ಒಂದು ಚೀಟಿಗೂ 30 ಕೆ.ಜಿ., ಮೂರು ಮೂರು ಜನರ ಎರಡು ಚೀಟಿಗೂ 30 ಕೆ.ಜಿ. ಒಂದು ಕಾಳೂ ಹೆಚ್ಚಾಗದು. ಕಡುಬಡವರಿಗೆ ಕೊಡುವ ಅಂತ್ಯೋದಯ ಚೀಟಿಯದು ಬೇರೆ ಲೆಕ್ಕ, ಅಲ್ಲಿ ಚೀಟಿಗೆ 35 ಕೆ.ಜಿ. ಹಾಗಾಗಿ ಅಂತ್ಯೋದಯ ಚೀಟಿ ಒಡೆದಾಗ ಹೊಸದನ್ನು ಆದ್ಯತಾ ಚೀಟಿಯಾಗಿ ಕೊಟ್ಟರೆ ಆಯಿತು. ಗೃಹಲಕ್ಷ್ಮಿಯಲ್ಲಿ ಖರ್ಚು ನಿಜಕ್ಕೂ ಏರುತ್ತದೆ, ಹೊಸ ಚೀಟಿಯೊಂದಕ್ಕೆ ವರ್ಷಕ್ಕೆ 24,000 ರೂಪಾಯಿ. ಆ ಹಣ ಕಾಗದದ ಮೇಲಷ್ಟೇ ಬೇರೆಯಾದ ಮನೆಗೆ ಹೋಗಬಾರದು ಎನ್ನುವುದು ಸರಿ. ಅದಕ್ಕೇ ಆರು ತಿಂಗಳ ಕಾಯುವಿಕೆ ಇಡಿ, ಬೇರೆ ಅಡುಗೆ ಅನಿಲ ಸಂಪರ್ಕವನ್ನೋ ಬಾಡಿಗೆ ಕರಾರನ್ನೋ ನೆರೆಯ ಇಬ್ಬರ ಹೇಳಿಕೆಯನ್ನೋ ಕೇಳಿ, ಸುಳ್ಳು ಹೇಳಿದವರಿಂದ ವಸೂಲು ಮಾಡಿ. ಆದರೆ ಕೆಲವರ ಮೋಸಕ್ಕೆ ಹೆದರಿ, ಮಕ್ಕಳನ್ನು ಕಟ್ಟಿಕೊಂಡು ಹೊರಬಂದ ಹೆಣ್ಣುಮಗಳ ಅನ್ನಕ್ಕೆ ತಡೆ ಹಾಕಬೇಡಿ. ದಿನವೂ ಎದುರಿಗೆ ಕೂರುವ ಮುಖಗಳನ್ನು ನೋಡಿ ಈ ಮಾತು ಹೇಳುತ್ತಿದ್ದೇವೆ.

ಗೃಹಲಕ್ಷ್ಮಿಯ ಇನ್ನೊಂದು ಷರತ್ತು ಈ ಹೆಣ್ಣುಮಕ್ಕಳನ್ನೇ ಹುಡುಕಿ ಹೊಡೆದಂತಿದೆ. ಯಜಮಾನಿಯಾಗಲಿ ಅವಳ ಗಂಡನಾಗಲಿ ಆದಾಯ ತೆರಿಗೆ ಕಟ್ಟುತ್ತಿದ್ದರೆ, ಜಿಎಸ್‌ಟಿ ವಿವರ ಸಲ್ಲಿಸುತ್ತಿದ್ದರೆ ಹಣ ಇಲ್ಲ. ಬಿಟ್ಟುಹೋದ ಗಂಡ ಎಲ್ಲೋ ಕೂತು ತೆರಿಗೆ ಕಟ್ಟುತ್ತಿದ್ದರೂ, ಅವನಿಂದ ಒಂದು ರೂಪಾಯಿ ಕಾಣದ ಹೆಂಡತಿಯ ಅರ್ಜಿ ಬಿದ್ದುಹೋಗುತ್ತದೆ. ಅದೇ ನಿಯಮದಡಿ, ತೆರಿಗೆ ಕಟ್ಟುವ ಮಗನೊಂದಿಗೆ ಎಪಿಎಲ್ ಚೀಟಿಯಲ್ಲಿರುವ ತಾಯಿ ಅರ್ಹಳು. ಗಂಡನೊಂದಿಗೆ ಒಂದೇ ಮನೆಯಲ್ಲಿದ್ದರೆ ಮಾತ್ರ ಈ ಷರತ್ತು ಅನ್ವಯ ಎಂದು ಒಂದು ಸಾಲು ಸೇರಿಸಿ. 'ಒಂದು ವರ್ಷದಿಂದ ಬೇರೆ ಇದ್ದೇನೆ' ಎಂಬ ಸ್ವಯಂ ಘೋಷಣೆಗೆ ಗ್ರಾಮ ಆಡಳಿತಾಧಿಕಾರಿಯ ಸ್ಥಳ ಪರಿಶೀಲನೆ ಸೇರಿದರೆ ಸಾಕು.

ಇನ್ನು ಯಜಮಾನಿಯ ವಿಚಾರ. ಆಹಾರ ಭದ್ರತಾ ಕಾಯ್ದೆಯ 13ನೇ ಸೆಕ್ಷನ್, 18 ತುಂಬಿದ ಹಿರಿಯ ಹೆಂಗಸೇ ಮನೆಯ ಮುಖ್ಯಸ್ಥೆ ಎನ್ನುತ್ತದೆ. ಹೆಣ್ಣುಮಕ್ಕಳ ಹೆಸರನ್ನು ಚೀಟಿಯ ಮೊದಲ ಸಾಲಿಗೆ ತಂದ ಒಳ್ಳೆಯ ಕಾನೂನು ಅದು, ಅದನ್ನು ಬದಲಿಸಿ ಎಂದು ಯಾರೂ ಕೇಳುತ್ತಿಲ್ಲ. ಆದರೆ ಅಲ್ಲಿ ಸ್ಪಷ್ಟವಾಗಿ ಬರೆದಿರುವುದು 'ಪಡಿತರ ಚೀಟಿ ನೀಡುವ ಉದ್ದೇಶಕ್ಕಾಗಿ' ಎಂದು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿ ರಾಜ್ಯದ್ದೇ ಯೋಜನೆ. ಅದರ ಫಲಾನುಭವಿಯನ್ನು ಅದೇ ಸಾಲಿನಿಂದ ಎತ್ತಿಕೊಂಡದ್ದು ರಾಜ್ಯದ ಆಯ್ಕೆ. ಸರ್ಕಾರಿ ಆದೇಶವೊಂದರಿಂದ ಅದನ್ನು ತಿದ್ದಬಹುದು.

ತಿದ್ದುವ ಅಗತ್ಯ ಏಕೆ? ಹಿರಿಯ ಹೆಂಗಸು ಎಂಬತ್ತು ದಾಟಿರುತ್ತಾರೆ, ನೆನಪು ಮಾಸಿರುತ್ತದೆ, ಬೆರಳ ಗೆರೆ ಸವೆದು ಯಂತ್ರ ಒಪ್ಪುವುದಿಲ್ಲ. ಅಡುಗೆ, ಮಕ್ಕಳ ಶಾಲೆ, ಅತ್ತೆಯ ಔಷಧಿ ನೋಡುವವಳು ಸೊಸೆ. ಹಣ ಹೋಗುವುದು ಅತ್ತೆಯ ಖಾತೆಗೆ, ಎಟಿಎಂ ಕಾರ್ಡ್ ಇರುವುದು ಮಗನ ಜೇಬಿನಲ್ಲಿ. ಯಜಮಾನಿ ತೀರಿಕೊಂಡರಂತೂ ಮೆಟ್ಟಿಲು ಮೆಟ್ಟಿಲಾಗಿ ತಡವಾಗುತ್ತದೆ. ಮೊದಲು ಮರಣ ಪ್ರಮಾಣಪತ್ರ, ಆಮೇಲೆ ಚೀಟಿಯಲ್ಲಿ ಹೆಸರು ತೆಗೆಸಿ ಮುಂದಿನ ಹಿರಿಯಳನ್ನು ಮುಖ್ಯಸ್ಥೆ ಮಾಡಿಸುವುದು, ಅವಳ ಇ-ಕೆವೈಸಿ, ಹೊಸ ಅರ್ಜಿ, ಕೊನೆಗೆ ಬ್ಯಾಂಕಿನ ಆಧಾರ್ ಜೋಡಣೆ. ಕೊನೆಯ ಮೆಟ್ಟಿಲಲ್ಲೇ ಹೆಚ್ಚು ಜನ ಎಡವುತ್ತಾರೆ. ನೇರ ನಗದು ಹೋಗುವುದು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ದಾಖಲೆಯಲ್ಲಿ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಮದುವೆಗೆ ಮುಂಚೆ ತವರೂರಿನಲ್ಲಿ ತೆರೆದು ಮರೆತ ಖಾತೆಗೆ ಹಣ ಬೀಳುತ್ತಿದ್ದರೂ ಗೊತ್ತಾಗದೆ ಇಲ್ಲಿ ಅರ್ಜಿ ಮೇಲೆ ಅರ್ಜಿ ಹಾಕುತ್ತಿರುತ್ತಾರೆ. ಆಧಾರ್‌ನಲ್ಲಿ ತಂದೆಯ ಹೆಸರಿನ ಮೊದಲಕ್ಷರ, ಬ್ಯಾಂಕಿನಲ್ಲಿ ಗಂಡನ ಹೆಸರಿನ ಮೊದಲಕ್ಷರ ಇದ್ದರಂತೂ ಇನ್ನೊಂದು ಸುತ್ತು.

ಆದ್ದರಿಂದ ಫಲಾನುಭವಿ ಯಾರೆಂದು ಮನೆಯ ವಯಸ್ಕ ಹೆಣ್ಣುಮಕ್ಕಳೇ ಸೇರಿ ಬರೆದುಕೊಡಲಿ, ಜೊತೆಗೆ ಎರಡನೆಯ ಹೆಸರನ್ನೂ ಕೊಡಲಿ. ಮೊದಲಿನವರ ಮರಣ ನೋಂದಣಿಯಾದ ಕೂಡಲೇ ಎರಡನೆಯವರಿಗೆ ಹಣ ತಾನಾಗಿ ತಿರುಗುವಂತಾಗಲಿ. ಮರಣ ನೋಂದಣಿಯಾಗಿರುವುದು ಸರ್ಕಾರಕ್ಕೆ ಗೊತ್ತು, ಹಣ ನಿಲ್ಲಿಸಲು ಬಳಕೆಯಾಗುವ ಆ ಮಾಹಿತಿ ಹಣ ಮುಂದುವರಿಸಲೂ ಬಳಕೆಯಾಗಬೇಕು. ಚಿಕ್ಕ ಹೆಣ್ಣುಮಕ್ಕಳನ್ನು ಒಬ್ಬನೇ ಸಾಕುತ್ತಿರುವ ತಂದೆಗೂ ಈ ಯೋಜನೆಯಲ್ಲಿ ಜಾಗವಿಲ್ಲ. ಅಂಥ ಮನೆಯಲ್ಲಿ ಮಗಳಿಗೆ 18 ತುಂಬುವವರೆಗೆ ಹಿರಿಯ ಗಂಡಸು ಮುಖ್ಯಸ್ಥನಾಗಿರುತ್ತಾನೆ ಎಂದು 13ನೇ ಸೆಕ್ಷನ್ನೇ ಹೇಳುತ್ತದೆ. ಗೃಹಲಕ್ಷ್ಮಿಯೂ ಅಷ್ಟು ಕಾಲ ಅವನನ್ನು ಒಪ್ಪಿಕೊಂಡರೆ ಯಾರಿಗೂ ನಷ್ಟವಿಲ್ಲ.

ಗಂಡಸರ ಮಾತು ಬಂದಿತಲ್ಲ, ಆರೈಕೆಯ ರಜೆಯ ಬಗ್ಗೆಯೂ ಹೇಳಬೇಕು. 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸದಲ್ಲಿ ತೊಡಗಿದವರ ಪೈಕಿ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ದುಡಿದಿದ್ದಾರೆ. 2019ರಲ್ಲಿ ಇದು 299 ಮತ್ತು 97 ಇತ್ತು. ಗಂಡಸರು ಹೆಚ್ಚು ಕೈಜೋಡಿಸುತ್ತಿದ್ದಾರೆ ಎಂಬ ಮಾತು ಎಲ್ಲೆಲ್ಲೂ ಕೇಳುತ್ತಿದ್ದರೂ ಲೆಕ್ಕದಲ್ಲಿ ಇಬ್ಬರ ನಡುವಿನ ಅಂತರ ಹೆಚ್ಚುಕಡಿಮೆ ಅಲ್ಲೇ ನಿಂತಿದೆ. ನಿಯಮಗಳೂ ಅದನ್ನು ಅಲ್ಲೇ ನಿಲ್ಲಿಸುತ್ತವೆ. 2017ರ ತಿದ್ದುಪಡಿಯಿಂದ ತಾಯಿಗೆ ಮೊದಲೆರಡು ಹೆರಿಗೆಗೆ 26 ವಾರ ಸಂಬಳಸಹಿತ ರಜೆ ಬಂತು. ಖಾಸಗಿ ಕೆಲಸದಲ್ಲಿರುವ ತಂದೆಗೆ ಕಾನೂನಿನ ಪ್ರಕಾರ ಒಂದು ದಿನವೂ ಇಲ್ಲ. ಕೇಂದ್ರ ಸರ್ಕಾರಿ ನೌಕರನಿಗೆ 15 ದಿನ. ಕೇಂದ್ರದ 730 ದಿನಗಳ ಮಕ್ಕಳ ಆರೈಕೆ ರಜೆ ಹೆಣ್ಣುಮಕ್ಕಳಿಗೆ ಮತ್ತು ಒಂಟಿ ತಂದೆಗೆ ಮಾತ್ರ. ಹೆಂಡತಿ ಇರುವ ಗಂಡಸಿಗೆ ಮಗುವನ್ನು ನೋಡಿಕೊಳ್ಳುವ ಕೆಲಸವೇ ಇಲ್ಲ ಎಂದು ನಿಯಮವೇ ಹೇಳಿದ ಹಾಗಾಯಿತು. ರಾಜ್ಯ ತನ್ನ ನೌಕರರಿಂದಲೇ ಶುರುಮಾಡಲಿ. ಆರೈಕೆ ರಜೆಯನ್ನು ಮಗುವಿನ ಲೆಕ್ಕಕ್ಕೆ ಕೊಡಿ, ತಂದೆತಾಯಿ ಹಂಚಿಕೊಳ್ಳಲಿ, ಒಂದು ಪಾಲನ್ನು ತಂದೆಯೇ ಬಳಸಬೇಕು, ಇಲ್ಲದಿದ್ದರೆ ಅದು ರದ್ದು ಎಂದು ಮಾಡಿ. ಆ ಕೊನೆಯ ಷರತ್ತು ಇಲ್ಲದಿದ್ದರೆ ಪೂರ್ತಿ ರಜೆ ಮತ್ತೆ ತಾಯಿಯ ಮೇಲೇ ಬೀಳುತ್ತದೆ.

ಅಜ್ಜ ಅಜ್ಜಿಯ ಬಳಿ ಬೆಳೆಯುತ್ತಿರುವ ಮಕ್ಕಳದು ಬೇರೆಯೇ ತೊಡಕು. ಮಗುವಿನ ಹೆಸರು ಬೆಂಗಳೂರಿನಲ್ಲಿರುವ ತಂದೆತಾಯಿಯ ಚೀಟಿಯಲ್ಲಿ. ಅಜ್ಜಿ ಆ ಚೀಟಿಯಲ್ಲಿಲ್ಲ, ಹಾಗಾಗಿ ಮಗು ಉಣ್ಣುವ ಊರಿನಲ್ಲಿ ಮಗುವಿನ 5 ಕೆ.ಜಿ. ಎತ್ತಲು ಅವರಿಗೆ ಅಧಿಕಾರವಿಲ್ಲ. ಎಲ್ಲಿ ಬೇಕಾದರೂ ಪಡಿತರ ಪಡೆಯುವ ವ್ಯವಸ್ಥೆ ಬಂದಿದೆ, ಚೀಟಿಯ ಒಂದು ಭಾಗವನ್ನಷ್ಟೇ ಎತ್ತಲೂ ಅವಕಾಶವಿದೆ. ಹಾಗಿರುವಾಗ 'ಆರೈಕೆದಾರರು' ಎಂಬ ಒಂದು ಅಂಕಣ ಸೇರಿಸಿ, ಮಗುವಿನ ಪಾಲಿಗೆ ಮಾತ್ರ ಅಜ್ಜಿಯ ಬೆರಳಚ್ಚನ್ನು ಒಪ್ಪಬಹುದು. ಮಕ್ಕಳ ರಕ್ಷಣೆಗಿರುವ ಕೇಂದ್ರದ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಅನಾಥರಾಗಿ ಬಂಧುಗಳ ಮನೆಯಲ್ಲಿರುವ ಮಕ್ಕಳು, ವಿಧವೆ ಅಥವಾ ಪರಿತ್ಯಕ್ತ ತಾಯಿಯ ಮಕ್ಕಳು ಅರ್ಹರು. ಆದಾಯ ಮಿತಿ ಗ್ರಾಮೀಣದಲ್ಲಿ ವರ್ಷಕ್ಕೆ 72,000, ಉಳಿದೆಡೆ 96,000. ಅರ್ಜಿ ಕೊಡಬೇಕಾದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಇದು ಬಹಳ ಜನರಿಗೆ ಗೊತ್ತೇ ಇಲ್ಲ. ಅಂಗನವಾಡಿಯ ಗೋಡೆಯ ಮೇಲೆ ಇಷ್ಟನ್ನು ಬರೆಸಿದರೂ ದೊಡ್ಡ ಉಪಕಾರ.

ತಂದೆಯ ಸಹಿ ಕೇಳುವ ಅಭ್ಯಾಸವೂ ಬಿಡಬೇಕು. ತಂದೆ ಇದ್ದೂ ಮಗುವಿನ ಹೊಣೆ ಹೊರದಿದ್ದರೆ ತಾಯಿಯೇ ಸಹಜ ಪೋಷಕಿ ಎಂದು ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಪಾಸ್‌ಪೋರ್ಟ್‌ಗೆ 2016ರಿಂದ ತಂದೆ ಅಥವಾ ತಾಯಿ ಒಬ್ಬರ ಹೆಸರು ಸಾಕು. ತಾಯಿ ಒಬ್ಬರೇ ಇದ್ದಲ್ಲಿ ಪಾನ್ ಕಾರ್ಡ್‌ಗೆ 2018ರಿಂದ ತಂದೆಯ ಹೆಸರು ಕಡ್ಡಾಯವಲ್ಲ. ನಮ್ಮ ವಿದ್ಯಾರ್ಥಿವೇತನದ ಕೌಂಟರಿನಲ್ಲಿ ಮಾತ್ರ ಇಂದಿಗೂ 'ತಂದೆಯ ಆದಾಯ ಪ್ರಮಾಣಪತ್ರ ತನ್ನಿ'. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಸಿಂಧುತ್ವ ಇರುವುದು ಸಾಮಾನ್ಯವಾಗಿ ಅನುಕೂಲವೇ, ಆದರೆ ನಡುವೆ ಮನೆ ಒಡೆದರೆ ಹಳೆಯ ಮನೆಯ ಆದಾಯವೇ ಮಗುವಿನ ತಲೆಗೆ ಅಂಟಿಕೊಂಡಿರುತ್ತದೆ. ಚೀಟಿ ಬೇರೆಯಾದ ದಿನವೇ ಹಳೆಯ ಪ್ರಮಾಣಪತ್ರ ರದ್ದಾಗಿ ಹೊಸದಕ್ಕೆ ಅರ್ಜಿ ತೆರೆದುಕೊಳ್ಳುವಂತೆ ನಾಡಕಚೇರಿಯ ತಂತ್ರಾಂಶವನ್ನು ಜೋಡಿಸಿ.

ಹಿರಿಯರ ವಿಷಯದಲ್ಲಿ ಕಾನೂನಿದೆ, ಬಳಕೆ ಕಡಿಮೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗೆ ಬಿಳಿ ಹಾಳೆಯಲ್ಲಿ ಅರ್ಜಿ ಕೊಡಬಹುದು, ವಕೀಲರ ಅಗತ್ಯವಿಲ್ಲ, 90 ದಿನದಲ್ಲಿ ತೀರ್ಮಾನವಾಗಬೇಕು. ಜೀವನಾಂಶದ ಗರಿಷ್ಠ ಮಿತಿ ಇಂದಿಗೂ ತಿಂಗಳಿಗೆ 10,000. ಹೆಚ್ಚಿನವರು ಎಡವುವುದು 23ನೇ ಸೆಕ್ಷನ್ನಿನಲ್ಲಿ. ನೋಡಿಕೊಳ್ಳುತ್ತಾರೆಂದು ನಂಬಿ ಮನೆ ಬರೆದುಕೊಟ್ಟವರು, ನೋಡಿಕೊಳ್ಳದಿದ್ದಾಗ ಆ ಪತ್ರ ರದ್ದು ಮಾಡಿಸಬಹುದು. ಆದರೆ ಆರೈಕೆಯ ಷರತ್ತು ಇತ್ತು ಎಂದು ತೋರಿಸಬೇಕು. ದಾನಪತ್ರದಲ್ಲಿ 'ಪ್ರೀತಿ ವಿಶ್ವಾಸದಿಂದ' ಎಂದಷ್ಟೇ ಬರೆದಿರುತ್ತಾರೆ. ಅಲ್ಲಿಂದ ವಾದ, ಮೇಲ್ಮನವಿ, ಹೈಕೋರ್ಟ್. ಇದನ್ನು ಬುಡದಲ್ಲೇ ತಡೆಯಬಹುದು. ಬರೆದುಕೊಡುವವರಿಗೆ 60 ದಾಟಿದ್ದರೆ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ ಒಂದು ಪ್ರಶ್ನೆ ಕೇಳಲಿ: 'ನಿಮ್ಮನ್ನು ನೋಡಿಕೊಳ್ಳುವ ಷರತ್ತಿನ ಮೇಲೆ ಈ ಆಸ್ತಿ ಕೊಡುತ್ತಿದ್ದೀರಾ?' ಹೌದು ಎಂದರೆ ಊಟ, ವಸತಿ, ಔಷಧಿಯ ಸಿದ್ಧ ಷರತ್ತು ಪತ್ರದೊಳಗೆ ಬಂದು ಕೂರಲಿ. ಉಪನೋಂದಣಾಧಿಕಾರಿ ಅದನ್ನು ಜೋರಾಗಿ ಓದಿ ಹೇಳಲಿ.

ಮಕ್ಕಳಿಲ್ಲದವರು, ಮದುವೆಯಾಗದವರು, ಗೆಳತಿಯೊಡನೆಯೋ ನೆರೆಯವರ ಆಸರೆಯಲ್ಲೋ ಬದುಕುವವರು ಆಸ್ಪತ್ರೆಗೆ ಹೋದಾಗ 'ಸಂಬಂಧಿಕರು ಯಾರು?' ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ಇದಕ್ಕೂ ಮಾದರಿ ಈಗಾಗಲೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ವಯಸ್ಕರು ಬಿಳಿ ಹಾಳೆಯಲ್ಲಿ ಬರೆದು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿ ತಮ್ಮ ಪ್ರತಿನಿಧಿಯನ್ನು ಹೆಸರಿಸಬಹುದು, ಅವರು ರಕ್ತಸಂಬಂಧಿಯೇ ಆಗಿರಬೇಕಿಲ್ಲ. ಇದನ್ನೇ ಸರ್ಕಾರಿ ಆಸ್ಪತ್ರೆಗಳ ದಾಖಲಾತಿ ನಮೂನೆಗೂ 'ಕುಟುಂಬ' ತಂತ್ರಾಂಶಕ್ಕೂ ತನ್ನಿ. ಪ್ರಜ್ಞೆಯಲ್ಲಿರುವ ವಯಸ್ಕ ರೋಗಿಗೆ ತನ್ನದೇ ಸಹಿ ಸಾಕು ಎಂಬುದನ್ನೂ ದಾಖಲಾತಿ ಸಿಬ್ಬಂದಿಗೆ ಮತ್ತೊಮ್ಮೆ ತಿಳಿಸಿ.

ವಂಶವೃಕ್ಷದಲ್ಲಿ ಮದುವೆಯಾದ ಹೆಣ್ಣುಮಕ್ಕಳ ಹೆಸರು ಬಿಡುವುದು ಇನ್ನೂ ನಿಂತಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ದೇಶಕ್ಕೆ 2005ರಲ್ಲಿ ಬಂದ ಸಮಾನ ಪಾಲು ಕರ್ನಾಟಕದಲ್ಲಿ ಆಗಿನ್ನೂ ಮದುವೆಯಾಗದ ಹೆಣ್ಣುಮಕ್ಕಳಿಗೆ 1994ರಲ್ಲೇ ಬಂದಿತ್ತು. ಮದುವೆಯಾದ ಮಗಳೂ ಅನುಕಂಪದ ನೌಕರಿಗೆ ಅರ್ಹಳು ಎಂದು ನಮ್ಮ ಹೈಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳಿದ ಮೇಲೆ ನಿಯಮವನ್ನೂ ತಿದ್ದಲಾಯಿತು. ಅಷ್ಟು ಮುಂದೆ ಹೋದ ರಾಜ್ಯದಲ್ಲಿ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಯ ಅರ್ಜಿಗೆ ಹೆಣ್ಣುಮಕ್ಕಳ ಜನನ ಅಥವಾ ಶಾಲಾ ದಾಖಲೆಯೊಂದಿಗೆ ತಾಳೆ ನೋಡುವ ಒಂದು ಹೆಜ್ಜೆ ಸೇರಿಸುವುದು ಕಷ್ಟವಲ್ಲ.

2027ರ ಮಾರ್ಚ್ 1 ಜನಗಣತಿಯ ಆಧಾರ ದಿನ. ಮನೆಯ ಮುಖ್ಯಸ್ಥರು ಯಾರೆಂದು ಅಲ್ಲಿ ಮನೆಯವರೇ ಹೇಳಬೇಕು, ವಯಸ್ಸಾಗಲಿ ಗಂಡು ಹೆಣ್ಣೆಂಬುದಾಗಲಿ ಅಳತೆಯಲ್ಲ. ಗಣತಿದಾರರಾಗಿ ಹೋಗುವ ಶಿಕ್ಷಕರಿಗೆ ತರಬೇತಿಯಲ್ಲಿ ಇದನ್ನು ಒತ್ತಿ ಹೇಳಿ. ಬಾಗಿಲು ತೆರೆದ ಗಂಡಸಿನ ಹೆಸರನ್ನೇ ಬರೆದುಕೊಳ್ಳುವುದು, ಹಿಂದಿನ ಕೋಣೆಯ ಬೇರೆ ಒಲೆಯನ್ನು ಕೇಳದೆ ಹೋಗುವುದು, ಇವೆರಡೇ ಅತಿ ಸಾಮಾನ್ಯ ತಪ್ಪುಗಳು. ಒಂದು ಕಟ್ಟಡದಲ್ಲಿ ಎಷ್ಟು ಒಲೆ ಉರಿಯುತ್ತವೆ ಎಂಬುದನ್ನು ಮೊದಲು ಕೇಳಿ, ಆಮೇಲೆ ಹೆಸರು ಬರೆಯಬೇಕು. ಚೀಟಿಯ ತಿದ್ದುಪಡಿ ಮತ್ತು ಎರಡನೆಯ ಫಲಾನುಭವಿಯ ವಿಚಾರಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಇಲಾಖೆಯ ಆದೇಶವೇ ಸಾಕು. ಆ ಎರಡನ್ನು ಮೊದಲು ಕೈಗೆತ್ತಿಕೊಳ್ಳಿ. ಕರಡು ಆದೇಶ ಬಂದರೆ ನಮೂನೆಯ ಒಂದೊಂದು ಅಂಕಣವನ್ನೂ ಕೂತು ನೋಡಿ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಹೇಳಲು ನಾವು ಸಿದ್ಧರಿದ್ದೇವೆ.

ಇಂತಿ,
ಅರ್ಜಿ, ಚೀಟಿ, ಪ್ರಮಾಣಪತ್ರಗಳ ಕೆಲಸದಲ್ಲಿ ಜನರಿಗೆ ನೆರವಾಗುವವರು